ತಂದೆಯವರ ಕುದುರೆ ವಹಿ

ನಮ್ಮ ಕೇಶ್ವಾಪುರದಲ್ಲಿ ಕುದುರೆ ಶರ್ಯತ್ತಿನ ಬಯಲಿಲ್ಲ. ಹುಬ್ಬಳ್ಳಿಯಲ್ಲಿಯೂ ಇಲ್ಲ, ಧಾರವಾಡದಲ್ಲಿಯೂ ಇಲ್ಲ. ಶರ್ಯತ್ತು ನೋಡಬೇಕೆಂಬವನು ತೆಂಕಣಕ್ಕೆ ಬೆಂಗಳೂರಿಗೋ ಮೈಸೂರಿಗೋ, ಬಡಗಣಕ್ಕೆ ಪುಣೆಗೋ ಮುಂಬಯಿಗೋ ಹೋಗಬೇಕು. ಇಂಥ ಊರಿನಲ್ಲಿ ರೇಲ್ವೆಯ ಚಾಕರಿ ಮಾಡುತ್ತ ಮುಪ್ಪಾದ ನನ್ನ ತಂದೆಯವರು ಇಪ್ಪತ್ತೆಂಟು ವರ್ಷಗಳ ವರೆಗೆ ವಾರವಾರವೂ ಓಡಲಿರುವ ಕುದುರೆಗಳನ್ನು ಮನಸ್ಸಿನಲ್ಲಿಯೇ ತೂಗಿ ನೋಡಿ, ಯಾವದು ಗೆದ್ದೀತೆಂದು ಒಂದು ವಹಿಯಲ್ಲಿ ಬರೆದಿಡುತ್ತ ಬಂದರೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಆ ಆಶ್ಚರ್ಯಕ್ಕಿಂತ ದೊಡ್ಡದಾದ ಒಂದು ನಾಚಿಕೆ ನನ್ನ ಪಾಲಿಗೆ ಉಳಿದಿದೆ. ಅದನ್ನು ಹೇಳಿಕೊಳ್ಳುವದಕ್ಕಾಗಿಯೇ ಈ ವಯಸ್ಸಿನಲ್ಲಿ ಲೇಖನಿಯನ್ನು ಹಿಡಿದಿದ್ದೇನೆ.

ಯಾವ ಪಶು ಮುಂದೆ ಹೋದೀತೆಂದು ಊಹಿಸುವ ಹವ್ಯಾಸ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕಾರಹುಣ್ಣಿವೆಯ ದಿನ ನಮ್ಮ ಹಳ್ಳಿಗಳಲ್ಲಿ ಎತ್ತುಗಳನ್ನು ಮೀಸಿ, ಬಣ್ಣ ಬಳಿದು, ಕರಿ ಹರಿಯಲು ಓಡಿಸುವರು. ಬಿಳಿಯ ಎತ್ತು ಮುಂದಾದರೆ ಬಿಳಿಯ ಪೈರು, ಕೆಂದೆತ್ತು ಮುಂದಾದರೆ ಕೆಂಪು ಧಾನ್ಯ ಚೆನ್ನಾಗಿ ಬರುವದೆಂದು ಎಣಿಸುವರು. ಆ ದಿನ ಅಗಸಿಯ ಕಟ್ಟೆಯ ಮೇಲೆ ಕುಳಿತ ಹಿರಿಯರು ಎತ್ತಿನ ಹೆಗಲನ್ನೂ ಗೊರಸನ್ನೂ ನೋಡಿ ಆಡುವ ಮಾತುಗಳನ್ನು ಕೇಳಿದವರಿಗೆ, ಶರ್ಯತ್ತಿನ ಪಂಡಿತರ ಮಾತು ಅಪರಿಚಿತವೆನಿಸಲಾರದು. ಕುದುರೆಯ ಲಕ್ಷಣವಂತೂ ನಮ್ಮಲ್ಲಿ ಶಾಸ್ತ್ರವೇ ಆಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ವಿನೋದಕ್ಕೂ ಸ್ಥಾನವುಂಟು. ಕನ್ನಡದಲ್ಲಿ ಪದ್ಮಣಪಂಡಿತನ ‘ಹಯಸಾರಸಮುಚ್ಚಯ’ವುಂಟು. ಟೀಪೂ ಸುಲ್ತಾನನ ಕಾಲದಲ್ಲಿ ಸೈನ್ಯಕ್ಕಾಗಿ ಕುದುರೆ ಸಾಕಿದ ಕುಣಿಗಲಿನ ಲಾಯಗಳಲ್ಲಿ ಮುಂದೆ ಶರ್ಯತ್ತಿನ ಕುದುರೆಗಳೇ ಹುಟ್ಟಿ ಬೆಳೆದವು. ಮೈಸೂರಿನ ರೇಸ್ ಕ್ಲಬ್ಬು 1891ರಲ್ಲಿ, ಬೆಂಗಳೂರಿನ ಟರ್ಫ್ ಕ್ಲಬ್ಬು 1920ರಲ್ಲಿ ಸ್ಥಾಪಿತವಾದವು. ಮುಂಬಯಿಯ ಇಂಡಿಯನ್ ಡರ್ಬಿ ಮೊದಲು ನಡೆದದ್ದು 1943ರಲ್ಲಿ.

ತಂದೆಯವರು ಮಾಲಗಾಡಿಯ ಗಾರ್ಡರು. ಕೇಶ್ವಾಪುರದ ರೇಲ್ವೆ ಮನೆಗಳಲ್ಲೊಂದು ನಮ್ಮದು. ಎರಡು ಕೋಣೆ, ಒಂದು ಪಡಸಾಲೆ, ಏಳು ಜನ, ಒಂದು ಪಗಾರ. ಕುದುರೆಯ ಮೇಲಿನ ಅವರ ಕಣ್ಣು ಬಲಿತದ್ದು ಯಾವ ರಾಜರ ಲಾಯದಲ್ಲಿಯೂ ಅಲ್ಲ; ನಿಲ್ದಾಣದ ಹೊರಗೆ ನಿಲ್ಲುತ್ತಿದ್ದ ಟಾಂಗಾಗಳ ಸಾಲಿನಲ್ಲಿ. ರಾತ್ರಿಯ ಪಾಳಿ ಮುಗಿಸಿ ಬರುವಾಗ, ಯಾವ ಕುದುರೆ ಎಡಗಾಲನ್ನು ಉಳಿಸಿಕೊಂಡು ನಿಂತಿದೆ, ಯಾವದು ಮೇವು ಮುಟ್ಟಿಲ್ಲ, ಯಾವದರ ಕಿವಿ ಜೋತಿದೆ ಎಂಬುದನ್ನು ನೋಡಿ ಟಾಂಗಾದವರಿಗೆ ಹೇಳುವರು. ಹೇಳಿದ್ದು ಅನೇಕ ಸಲ ನಿಜವಾಗುತ್ತಿತ್ತಾದ್ದರಿಂದ ಅವರು ಇವರನ್ನು ಅರ್ಧ ವೈದ್ಯರೆಂದೇ ತಿಳಿದಿದ್ದರು.

ರೇಲ್ವೆಯವರ ವಾಚನಾಲಯಕ್ಕೆ ಬರುವ ಇಂಗ್ಲಿಷ ದಿನಪತ್ರಿಕೆಯಲ್ಲಿ ವಾರದ ಶರ್ಯತ್ತಿನ ಯಾದಿ ಅಚ್ಚಾಗುತ್ತಿತ್ತು. ಬಿಸಿಲುಗಾಲದಿಂದ ಬೆಂಗಳೂರು, ಮಳೆಗಾಲದಲ್ಲಿ ಪುಣೆ, ಚಳಿಗಾಲದಲ್ಲಿ ಮುಂಬಯಿ. ಹೀಗೆ ವರ್ಷವೆಲ್ಲ ಒಂದಿಲ್ಲೊಂದು ಕಡೆಗೆ ಓಟವಿದ್ದೇ ಇರುವದು. ತಂದೆಯವರು ಅದನ್ನು ಪೆನ್ಸಿಲಿನಿಂದ ಚೀಟಿಯ ಮೇಲೆ ಇಳಿಸಿಕೊಂಡು ಬಂದು, ಕಪ್ಪು ರಟ್ಟಿನ ವಹಿಯಲ್ಲಿ ಗೆರೆ ಎಳೆದು, ಕುದುರೆ, ವಯಸ್ಸು, ತೂಕ, ದೂರ, ಸವಾರ, ಹಿಂದಿನ ಓಟ, ತಮ್ಮ ಅಭಿಪ್ರಾಯ, ಫಲ ಎಂದು ಮನೆಗಳನ್ನು ತುಂಬುವರು. ಕೊನೆಗೆ ಇನ್ನೊಂದು ಇಕ್ಕಟ್ಟಾದ ಮನೆ ಇರುತ್ತಿತ್ತು. ಅದರ ಸಂಗತಿಯನ್ನು ಮುಂದೆ ಹೇಳುತ್ತೇನೆ.

ನಾನು ಹತ್ತು ಹನ್ನೊಂದರ ಹುಡುಗನಾಗಿದ್ದಾಗ ಅವರ ಮಗ್ಗುಲಲ್ಲಿ ಕುಳಿತು ಕೇಳಿದ ಪಾಠವು ಇಂದಿಗೂ ನೆನಪಿದೆ. ಮೊದಲು ನೋಡತಕ್ಕದ್ದು ಹಿಂದಿನ ಓಟ. ಆದರೆ ಎಷ್ಟನೆಯದಾಗಿ ಬಂದಿತೆಂಬುದಕ್ಕಿಂತ ಯಾರ ಜೊತೆಗೆ ಓಡಿ ಬಂದಿತೆಂಬುದು ಮುಖ್ಯ. ಬಲಿಷ್ಠರಲ್ಲಿ ನಾಲ್ಕನೆಯದಾದದ್ದು, ದುರ್ಬಲರಲ್ಲಿ ಮೊದಲಾದದ್ದಕ್ಕಿಂತ ಮೇಲು. ಎರಡನೆಯದು ದೂರ. 1,200 ಮೀಟರಿನಲ್ಲಿ ಬಾಣದಂತೆ ಹೋಗುವ ಕುದುರೆ, ಡರ್ಬಿಯ 2,400 ಮೀಟರಿನಲ್ಲಿ ಕೊನೆಯ ತಿರುವಿಗೆ ಬರುವಷ್ಟರಲ್ಲಿ ಬಸವಳಿಯಬಹುದು. ಇಲ್ಲಿ ತಂದೆತಾಯಿಗಳ ವಂಶವನ್ನು ನೋಡಬೇಕು. ಮೂರನೆಯದು ನೆಲ. ಮಳೆ ಬಿದ್ದು ಮೆತ್ತಗಾದ ಹುಲ್ಲಿನ ಮೇಲೆ ಕೆಲವು ಕುದುರೆಗಳ ವೇಗ ಅರ್ಧಕ್ಕೆ ಇಳಿದಂತೆ ಕಾಣುವದು, ಕೆಲವಕ್ಕೆ ಅದೇ ಹಿತ. ನಾಲ್ಕನೆಯದು ವಿಶ್ರಾಂತಿ. ಓಡಿ ಎಷ್ಟು ದಿನಗಳಾದವು, ಮುಂಜಾವಿನ ಅಭ್ಯಾಸದಲ್ಲಿ ಹೇಗೆ ಓಡಿತು. ಐದನೆಯದು ಸವಾರ ಮತ್ತು ಪಳಗಿಸುವವನು. ಒಳ್ಳೆಯ ಸವಾರನಿಗೆ ಎರಡು ಕುದುರೆಗಳಲ್ಲಿ ಒಂದನ್ನು ಆರಿಸುವ ಅವಕಾಶವಿದ್ದರೆ, ಅವನು ಬಿಟ್ಟ ಕುದುರೆಯ ಕಡೆಗೂ ಒಮ್ಮೆ ನೋಡಬೇಕು.

ಎಲ್ಲಕ್ಕೂ ಕಠಿಣವಾದದ್ದು ತೂಕದ ಲೆಕ್ಕ. ಸಾಮಾನ್ಯ ಶರ್ಯತ್ತುಗಳಲ್ಲಿ ಕುದುರೆಗಳ ಯೋಗ್ಯತೆಯನ್ನು ಅಂಕಗಳಿಂದ ಅಳೆಯುವ ಒಬ್ಬ ಅಧಿಕಾರಿ ಇರುವನು. ಬಲವಾದ ಕುದುರೆಗೆ 60 ಕಿಲೋ ಭಾರ ಕೊಟ್ಟರೆ, ಬಡ ಕುದುರೆಗೆ 50 ಕೊಡುವನು. ಸವಾರನು ಹಗುರಾದರೆ ಸೀಸದ ತುಂಡುಗಳನ್ನಿಟ್ಟು ಭಾರ ಸರಿಮಾಡುವರು. ಓಟದ ಮೊದಲೂ ಆಮೇಲೂ ಸವಾರನನ್ನು ತೂಗುವರು. ಎಲ್ಲ ಕುದುರೆಗಳೂ ಒಂದೇ ಸಾಲಾಗಿ ಗುರಿ ಮುಟ್ಟಬೇಕೆಂಬುದೇ ಆ ಅಧಿಕಾರಿಯ ಆದರ್ಶ. “ನಾವು ಯಾವದು ಗೆಲ್ಲುತ್ತದೆಂದು ಕಂಡುಹಿಡಿಯಲು ಕುಳಿತಿದ್ದೇವೆ, ಅವನು ಯಾರೂ ಕಂಡುಹಿಡಿಯದಂತೆ ಮಾಡಲು ಕುಳಿತಿದ್ದಾನೆ. ಅವನಿಗೆ ಪಗಾರ ಸಿಗತದ, ನಮಗಿಲ್ಲ,” ಎಂದು ತಂದೆಯವರು ನಗುತ್ತಿದ್ದರು.

ಬಾಲಕನಾಗಿದ್ದಾಗ ವಿನೋದವಾಗಿದ್ದ ಈ ವಹಿಯು ನಾನು ಕಾಲೇಜಿಗೆ ಹೋಗತೊಡಗಿದ ಮೇಲೆ ನನ್ನ ಕಣ್ಣಿನ ಕಿಸುರಾಯಿತು. ಮನೆಯಲ್ಲಿ ಎಂದೂ ನಾಲ್ಕು ಕಾಸು ಉಳಿಯುತ್ತಿರಲಿಲ್ಲ. ತಾಯಿಯವರ ಸೀರೆ ಎರಡು. ಕಿರಾಣಿಯವನ ಬಾಕಿ ತಿಂಗಳು ತಿಂಗಳಿಗೂ ಮುಂದೆ ಸರಿಯುತ್ತಿತ್ತು. ಕುದುರೆಯ ವಹಿ ಇರುವ ಮನೆಯಲ್ಲಿ ರೊಕ್ಕವಿಲ್ಲದಿದ್ದರೆ, ರೊಕ್ಕ ಎಲ್ಲಿಗೆ ಹೋಯಿತೆಂದು ಜನ ಕೇಳುವದಿಲ್ಲ, ತಾವೇ ಹೇಳುತ್ತಾರೆ. ನೆರೆಯವರು ಹೇಳಿದರು, ಸೋದರಮಾವಂದಿರು ಹೇಳಿದರು, ನಾನೂ ನಂಬಿದೆ.

1974ರಲ್ಲಿ ಅಕ್ಕನ ಲಗ್ನ ಗೊತ್ತಾಯಿತು. ಎಂಟುನೂರು ರೂಪಾಯಿ ಕಡಿಮೆ ಬಿತ್ತು. ತಾಯಿಯವರು ತಮ್ಮ ಬಳೆಗಳನ್ನು ಒತ್ತೆ ಇಡಲು ತೆಗೆದು ತಟ್ಟೆಯಲ್ಲಿಟ್ಟಿದ್ದರು. ನನಗಾಗ ಹತ್ತೊಂಬತ್ತು ವರ್ಷ. ಬಂದ ನೆಂಟರ ಮುಂದೆ ನಾನು ತಂದೆಯವರಿಗೆ, “ನಿಮ್ಮ ಕುದುರಿಗೋಳ ಹೊಟ್ಟೀಗೆ ಹಾಕಿದ ರೊಕ್ಕ ಇದ್ದಿದ್ರ, ಅವ್ವನ ಬಳಿ ಯಾಕ ಹೋಗ್ತಿದ್ದುವು?” ಎಂದೆ. ಪಡಸಾಲೆಯೆಲ್ಲ ಸ್ತಬ್ಧವಾಯಿತು. ತಂದೆಯವರು ನನ್ನನ್ನು ಒಮ್ಮೆ ನೋಡಿ, ಗಾರ್ಡಿನ ಕಂದೀಲನ್ನು ಎತ್ತಿಕೊಂಡು ಪಾಳಿಗೆ ಹೊರಟುಹೋದರು. ಇಲ್ಲವೆಂದೂ ಅನ್ನಲಿಲ್ಲ, ಹೌದೆಂದೂ ಅನ್ನಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆಯೆಂದೇ ತಿಳಿದೆ.

ಅಕ್ಕನ ಮನೆ ಬೆಂಗಳೂರಿನಲ್ಲಿತ್ತು. 1979ರ ಜುಲೈದಲ್ಲಿ ನಾವಿಬ್ಬರೂ ಅಲ್ಲಿಗೆ ಹೋದಾಗ, ಭಾವನವರು ಹಿರಿಯರಿಗೆ ಸಂತೋಷವಾಗಲೆಂದು ರೇಸ್ ಕೋರ್ಸಿಗೆ ಕರೆದೊಯ್ದರು. ಅಷ್ಟು ವರ್ಷ ಕಾಗದದ ಮೇಲೆ ಓಡಿಸಿದ ಕುದುರೆಗಳನ್ನು ತಂದೆಯವರು ಕಣ್ಣಾರೆ ನೋಡುವ ರೀತಿಯನ್ನು ನಾನು ಆ ದಿನ ಕಂಡೆ. ಜನರೆಲ್ಲರೂ ಪಣ ಕಟ್ಟುವ ಕಿಟಕಿಗಳ ಕಡೆಗೆ ನುಗ್ಗುತ್ತಿದ್ದರೆ, ಇವರು ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ನಡೆಯಿಸುವ ಕಟಾಂಜನದ ಬಳಿಯಲ್ಲಿ ನಿಂತುಬಿಟ್ಟರು. “ಆ ಕಪ್ಪಿನದು ನೋಡು. ಕುತ್ತಿಗೆಯಲ್ಲಿ ನೊರೆಬೆವರು ಈಗಲೇ ಬಂದಿದೆ, ಓಟವನ್ನು ಇಲ್ಲಿಯೇ ಓಡಿ ಮುಗಿಸಿತು. ಈ ಕಂದುಬಣ್ಣದ್ದರ ಮೈ ಮಿಂಚುತ್ತದೆ, ಹಿಂಗಾಲು ಮುಂಗಾಲಿನ ಹೆಜ್ಜೆಯನ್ನು ದಾಟಿ ಬೀಳುತ್ತದೆ, ಕಿವಿ ಮುಂದೆ ಚಾಚಿದೆ; ಇದರ ಮನಸ್ಸು ಕೆಲಸದಲ್ಲಿದೆ,” ಎಂದರು. ಮಳೆ ಸಣ್ಣಗೆ ಹನಿಯುತ್ತಿತ್ತು. ವಹಿಯಲ್ಲಿ ಅವರು ಬರೆದ ಮೊದಲನೆಯ ಹೆಸರೂ ಆ ಕಂದಿನದೇ.

ಬಾಗಿಲು ತೆರೆದದ್ದೂ ಮುಗಿದದ್ದೂ ಒಂದೇ ಉಸಿರಿನಲ್ಲಿ. 1,400 ಮೀಟರಿನ ಓಟವನ್ನು ಒಳ್ಳೆಯ ಕುದುರೆಗಳು ಒಂದೂವರೆ ನಿಮಿಷದೊಳಗೆ ಮುಗಿಸುತ್ತವೆ. ನಮ್ಮ ಊರಿನವರಿಗೆ ಹೇಳಬೇಕಾದರೆ, 2023ರಲ್ಲಿ ಉದ್ಘಾಟನೆಯಾಗಿ, ಜಗತ್ತಿನಲ್ಲಿಯೇ ಉದ್ದವಾದದ್ದೆಂದು ಹೆಸರಾದ ಹುಬ್ಬಳ್ಳಿ ನಿಲ್ದಾಣದ ಪ್ಲಾಟಫಾರ್ಮು 1,507 ಮೀಟರಿನದು. ಅದರ ತುದಿಯಿಂದ ತುದಿಗೆ ನಡೆಯಲು ನನಗೀಗ ಇಪ್ಪತ್ತೈದು ನಿಮಿಷ ಬೇಕು. ಹೆಚ್ಚುಕಡಿಮೆ ಅಷ್ಟೇ ನೆಲವನ್ನು ಆ ಪ್ರಾಣಿ ಮಳೆಯಲ್ಲಿ, ಬೆನ್ನ ಮೇಲೆ ಒಬ್ಬ ಮನುಷ್ಯನನ್ನು ಹೊತ್ತು, ನಾನು ಕೊಡೆ ಬಿಚ್ಚುವಷ್ಟರಲ್ಲಿ ದಾಟಿತು. ಕಂದು ಕುದುರೆ ಅರ್ಧ ಮೈಯಳತೆಯಿಂದ ಗೆದ್ದಿತು.

ನನ್ನ ಮೈ ಜುಮ್ಮೆಂದಿತು. “ನೂರು ರೂಪಾಯಿ ಹಚ್ಚಿದ್ದರೆ!” ಎಂದೆ. ತಂದೆಯವರು ಪೆನ್ಸಿಲಿನಿಂದ ಫಲದ ಮನೆಯನ್ನು ತುಂಬುತ್ತ, “ಹಚ್ಚಿದ್ದರೂ ಅದು ಗೆಲ್ಲುತ್ತಿತ್ತು. ಆದರೆ ನಾನು ಮುಂದಿನದಕ್ಕೂ ಹಚ್ಚುತ್ತಿದ್ದೆ,” ಎಂದರು. ಆ ದಿನದ ಮುಂದಿನ ನಾಲ್ಕು ಓಟಗಳಲ್ಲಿ ಅವರ ಮೊದಲನೆಯ ಆಯ್ಕೆ ಒಂದೂ ಗೆಲ್ಲಲಿಲ್ಲ. ಅವರು ಒಂದು ಪೈಯನ್ನೂ ಕಟ್ಟಲಿಲ್ಲ. ಅದನ್ನು ಕಣ್ಣಿನಿಂದ ಕಂಡೂ ನನ್ನ ಹಳೆಯ ಮಾತನ್ನು ಹಿಂದೆಗೆದುಕೊಳ್ಳುವ ಬುದ್ಧಿ ನನಗಾಗಲಿಲ್ಲ. ಮಗನ ಎದುರಿಗೆ ಸಂಕೋಚದಿಂದ ಕಟ್ಟಲಿಲ್ಲವೆಂದುಕೊಂಡೆ.

ತಿರುಗಿ ಬರುವಾಗ ರಾತ್ರಿಯ ಗಾಡಿಯಲ್ಲಿ ಅವರು ನಳನ ಕಥೆಯನ್ನು ತೆಗೆದರು. ನಳನು ಅಶ್ವಹೃದಯವನ್ನು ಬಲ್ಲವನು, ಅವನಷ್ಟು ಕುದುರೆಯನ್ನು ಅರಿತವನಿಲ್ಲ. ಆದರೂ ಪುಷ್ಕರನೊಡನೆ ಪಗಡೆಯಾಡಿ ರಾಜ್ಯವನ್ನು ಸೋತನು. ಮುಂದೆ ಬಾಹುಕನೆಂಬ ಹೆಸರಿನಿಂದ ಋತುಪರ್ಣನ ರಥವನ್ನು ವಿದರ್ಭಕ್ಕೆ ಹೊಡೆಯುತ್ತಿರುವಾಗ, ಆ ರಾಜನು ದಾರಿಯಲ್ಲಿಯ ತಾರೆಯ ಮರದ ಎಲೆಗಳನ್ನೂ ಕಾಯಿಗಳನ್ನೂ ಒಂದೇ ನೋಟದಲ್ಲಿ ಎಣಿಸಿ ಹೇಳಿದನು. ನಳನು ರಥವನ್ನು ನಿಲ್ಲಿಸಿ ಎಣಿಸಿ ನೋಡಿದನು, ಲೆಕ್ಕ ಸರಿಯಾಗಿತ್ತು. ಆಗ ಋತುಪರ್ಣನಿಂದ ಅಕ್ಷಹೃದಯವನ್ನು ಪಡೆದನು. ಅದು ದೊರೆತ ಕೂಡಲೆ ಕಲಿಯು ಅವನ ಮೈಯನ್ನು ಬಿಟ್ಟು ಹೊರಬಿದ್ದನು. “ಕುದುರೆಯನ್ನು ಬಲ್ಲವರು ಬಹಳ ಜನರಿದ್ದಾರೆ. ಲೆಕ್ಕವನ್ನು ಬಲ್ಲವರು ಕಡಿಮೆ. ಎರಡನ್ನೂ ಬಲ್ಲವನು ಕಟಾಂಜನದ ಬಳಿ ನಿಲ್ಲುತ್ತಾನೆ, ಕಿಟಕಿಯ ಬಳಿ ಅಲ್ಲ,” ಎಂದು ಹೇಳಿ ಮಲಗಿದರು. ನನಗೆ ಆಗ ಅದು ವೃದ್ಧರ ಚಮತ್ಕಾರದ ಮಾತಾಗಿ ತೋರಿತು.

1991ರ ಮಳೆಗಾಲದಲ್ಲಿ ಅವರು ತೀರಿಕೊಂಡರು. ಹದಿಮೂರನೆಯ ದಿನ ಕಳೆದ ಮೇಲೆ ಟ್ರಂಕನ್ನು ತೆಗೆದಾಗ ಹನ್ನೊಂದು ವಹಿಗಳು ಸಿಕ್ಕವು. ಕೊನೆಯ ಇಕ್ಕಟ್ಟಾದ ಮನೆಯ ತಲೆಯ ಮೇಲೆ ‘ಪಣ’ ಎಂದು ಬರೆದಿತ್ತು. ಬಾಲ್ಯದಲ್ಲಿ ನಾನು ಆ ಕಡೆಗೆ ಲಕ್ಷ್ಯಗೊಟ್ಟಿರಲಿಲ್ಲ. ದೊಡ್ಡವನಾದ ಮೇಲೆ ವಹಿಯನ್ನೇ ಮುಟ್ಟಿರಲಿಲ್ಲ. ಪುಟದಿಂದ ಪುಟಕ್ಕೆ, ವರ್ಷದಿಂದ ವರ್ಷಕ್ಕೆ ಆ ಮನೆಯಲ್ಲಿ ಒಂದು ಅಡ್ಡಗೆರೆ ಮಾತ್ರ. 19 ಓಟಗಳಲ್ಲಿ 18ನ್ನು ಗೆದ್ದು 1977ರ ಇಂಡಿಯನ್ ಡರ್ಬಿಯನ್ನು ಪಡೆದ ಸ್ಕ್ವಾಂಡರರ್ ಎಂಬ ಪ್ರಸಿದ್ಧ ಕುದುರೆಯ ಹೆಸರಿನ ಮುಂದೆಯೂ ಗೆರೆಯೇ. ಅದರ ಬದಿಗೆ, “ಇಂಥದೂ ಒಮ್ಮೆ ಸೋತಿದೆ” ಎಂಬ ಒಂದು ಟಿಪ್ಪಣಿ.

ಮೊದಲನೆಯ ವಹಿಯ ಮೂರನೆಯ ಪುಟದಲ್ಲಿ, 1963ರ ಮೇ ತಿಂಗಳಿನಲ್ಲಿ, ಒಂದೇ ಒಂದು ಕಡೆಗೆ ಗೆರೆಯ ಬದಲು ಅಂಕೆ ಇತ್ತು: “ರೂ. 5. ಹೋಯಿತು. ಹುಡುಗನ ಬೂಟು ಮುಂದಿನ ತಿಂಗಳು.”

ಆ ವರ್ಷ ನನಗೆ ಎಂಟು. ಜೂನದಲ್ಲಿ ಸಾಲೆ ತೆರೆದಾಗ ಮಳೆಯ ರಾಡಿಯಲ್ಲಿ ಬರಿಗಾಲಿನಿಂದ ಹೋದದ್ದೂ, ಜುಲೈದಲ್ಲಿ ಹೊಸ ಬೂಟು ಬಂದದ್ದೂ ನನಗೆ ನೆನಪಿತ್ತು. ಕಾರಣವು ಮಾತ್ರ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ಅವರು ಕುದುರೆಗೆ ಕೊಟ್ಟದ್ದು ಐದು ರೂಪಾಯಿ. ನಾನು ನೆಂಟರ ಮುಂದೆ ಅವರ ಮೇಲೆ ಹೊರಿಸಿದ್ದು ಅಕ್ಕನ ಲಗ್ನದ ಎಂಟುನೂರು. ರೊಕ್ಕ ಎಲ್ಲಿಗೂ ಹೋಗಿರಲಿಲ್ಲ. ಏಳು ಜನರ ಊಟಕ್ಕೆ ಒಂದು ಪಗಾರ ಸಾಲದೆ ಹೋಗಿತ್ತು, ಅಷ್ಟೆ. ಇಷ್ಟು ಸರಳವಾದ ಲೆಕ್ಕವನ್ನು ಕಾಲೇಜು ಕಲಿತ ನಾನು ಮಾಡಿರಲಿಲ್ಲ.

ಪ್ರಾಯಶ್ಚಿತ್ತವೆಂಬಂತೆ ಆ ವಹಿಗಳಲ್ಲೊಂದನ್ನು ತೆಗೆದುಕೊಂಡು ನಾಲ್ಕು ರಾತ್ರಿ ಕುಳಿತು ಕೂಡಿಸಿದೆ. ಅವರ ಮೊದಲನೆಯ ಆಯ್ಕೆಯ ಮೇಲೆ ಪ್ರತಿ ಸಲ ಒಂದು ರೂಪಾಯಿ ಕಟ್ಟಿದ್ದರೆ ಏನಾಗುತ್ತಿತ್ತು? ಮೂರರಲ್ಲಿ ಒಂದಕ್ಕಿಂತ ತುಸು ಕಡಿಮೆ ಗೆದ್ದಿದ್ದವು. ಇದು ಬಲ್ಲವರ ಕಣ್ಣಿಗೆ ಕೀಳಾದ ಫಲವಲ್ಲ. ಆದರೂ ಮೊತ್ತದಲ್ಲಿ ನಷ್ಟವೇ ಬಂದಿತು. ಏಕೆಂದರೆ ತಂದೆಯವರು ಬಲ್ಲದ್ದನ್ನು ಬಹು ಜನರು ಬಲ್ಲರು. ಅವರೆಲ್ಲರೂ ಅದೇ ಕುದುರೆಗೆ ಕಟ್ಟಿದ್ದರಿಂದ ಅದು ಗೆದ್ದಾಗ ಸಿಗುವದು ಸ್ವಲ್ಪ. ಮೇಲಾಗಿ, ಟೋಟಿನಲ್ಲಿ ಎಲ್ಲರ ಪಣವೂ ಒಂದು ರಾಶಿಯಾಗಿ, ಅದರಿಂದ ಕ್ಲಬ್ಬಿನ ಪಾಲೂ ಸರಕಾರದ ಪಾಲೂ ಮೊದಲು ಹೊರಗೆ ಹೋಗಿ, ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುವದು. ಹೀಗೆ ತಿಳಿಯಿರಿ: ಸಾವಿರ ರೂಪಾಯಿಯ ರಾಶಿಯಿಂದ ಪ್ರತಿ ಸಲ ಐದನೆಯ ಒಂದು ಪಾಲು ಹೋದರೆ ಉಳಿದದ್ದು 800, ಅದನ್ನೇ ಮತ್ತೆ ಕಟ್ಟಿದರೆ 640, ಮೂರನೆಯ ಓಟಕ್ಕೆ 512. ಯಾರು ಗೆದ್ದರೂ ಸೋತರೂ, ಒಟ್ಟು ಜನರ ರೊಕ್ಕವು ಮೂರು ಓಟಗಳಲ್ಲಿ ಅರ್ಧವಾಯಿತು. ಋತುಪರ್ಣನು ಮರದ ಎಲೆಗಳಲ್ಲಿ ಎಣಿಸಿದ್ದನ್ನು ತಂದೆಯವರು ಈ ಮನೆಗಳಲ್ಲಿ ಎಣಿಸಿದ್ದರು. ಐದು ರೂಪಾಯಿಗೆ ಅಕ್ಷಹೃದಯ ದೊರೆತದ್ದು ದುಬಾರಿಯಲ್ಲವೆಂದು ಈಗ ಅನಿಸುತ್ತದೆ.

ಕೊನೆಯ ವಹಿಯ ಕೊನೆಯ ಪುಟದಲ್ಲಿ ಪುಣೆಯ ಒಂದು ಓಟದ ಯಾದಿ ಇತ್ತು. ಅಭಿಪ್ರಾಯವನ್ನು ಬರೆದಿದ್ದರು, ಫಲವನ್ನು ಬರೆಯಲು ಅವರಿರಲಿಲ್ಲ. ನಾನು ವಾಚನಾಲಯಕ್ಕೆ ಹೋಗಿ ಹಳೆಯ ಪತ್ರಿಕೆಯನ್ನು ಹುಡುಕಿ ನೋಡಿದೆ. ಅವರ ಕುದುರೆ ಎರಡನೆಯದಾಗಿ ಬಂದಿತ್ತು. ಅದನ್ನು ತುಂಬಿ, ಕೊನೆಯ ಮನೆಯಲ್ಲಿ ಒಂದು ಅಡ್ಡಗೆರೆಯನ್ನು ನಾನೇ ಎಳೆದೆ.

ಇಷ್ಟೆಲ್ಲ ನೆನಪಾಗಲು ಕಾರಣವುಂಟು. ಅಕ್ಕನ ಮೊಮ್ಮಗನು ಓದಿಗಾಗಿ ಈಗ ನಮ್ಮ ಮನೆಯಲ್ಲಿದ್ದಾನೆ. ಕೆಲವು ತಿಂಗಳ ಹಿಂದೆ ಅವನು ಮೊಬೈಲನ್ನು ಹಿಡಿದುಕೊಂಡು ಬಂದು, “ಅಜ್ಜಾ, ಇದು ಜೂಜಲ್ಲ, ಕೌಶಲ್ಯದ ಆಟ, ಸುಪ್ರೀಮ್ ಕೋರ್ಟೇ ಹೇಳಿದೆ. ನಿಮ್ಮ ತಂದೆಯವರ ವಿದ್ಯೆಯನ್ನು ನನಗೆ ಕಲಿಸಿರಿ,” ಎಂದನು. ಹುಡುಗನು ಸುಳ್ಳು ಹೇಳಲಿಲ್ಲ. ಕುದುರೆ ಶರ್ಯತ್ತಿನಲ್ಲಿ ಅದೃಷ್ಟಕ್ಕಿಂತ ಕೌಶಲ್ಯವೇ ಪ್ರಧಾನವೆಂದು ಆ ನ್ಯಾಯಾಲಯವು 1996ರಲ್ಲಿ ತೀರ್ಮಾನಿಸಿದ್ದು ನಿಜ. ಆದರೆ ಕೌಶಲ್ಯವಿರುವದು ಕುದುರೆಯನ್ನು ಆರಿಸುವದರಲ್ಲಿ. ಮನೆಯ ಚೀಲವು ತುಂಬುವದೋ ಬರಿದಾಗುವದೋ ಎಂಬುದು ಬೇರೆಯ ಲೆಕ್ಕ. ಪಣದ ಪೂರ್ಣ ಮೊತ್ತದ ಮೇಲೆಯೇ ತೆರಿಗೆಯೆಂದು 2023ರ ಅಕ್ಟೋಬರ 1ರಿಂದ ನಿಯಮವಾಗಿ ನೂರಕ್ಕೆ 28 ಇದ್ದದ್ದು, 2025ರ ಸಪ್ಟೆಂಬರ 22ರಿಂದ 40 ಆಗಿದೆ. ತಂದೆಯವರ ಕಾಲಕ್ಕಿಂತ ಈಗ ಕುದುರೆಯ ಬೆನ್ನ ಮೇಲಿನ ಭಾರವು ಹಾಗೆಯೇ ಇದ್ದು, ಪಣ ಕಟ್ಟುವವನ ಬೆನ್ನ ಮೇಲಿನ ಭಾರವೇ ಹೆಚ್ಚಿದೆ.

ನಾನು ಅವನಿಗೆ ಉಪದೇಶ ಮಾಡಲಿಲ್ಲ. ಹತ್ತೊಂಬತ್ತು ವರ್ಷದವರು ಉಪದೇಶವನ್ನು ಹೇಗೆ ಕೇಳುತ್ತಾರೆಂಬುದು ನನಗೆ ಚೆನ್ನಾಗಿ ಗೊತ್ತು. ದುರ್ಗದ ಬೈಲಿನಿಂದ ಒಂದು ಕಪ್ಪು ರಟ್ಟಿನ ವಹಿಯನ್ನು ತಂದು, ಗೆರೆಗಳನ್ನು ಎಳೆದುಕೊಟ್ಟೆ. ತೂಕ, ದೂರ, ನೆಲ, ವಿಶ್ರಾಂತಿ ಎಲ್ಲವನ್ನೂ ತಂದೆಯವರು ಹೇಳಿದಂತೆಯೇ ಹೇಳಿಕೊಟ್ಟೆ. ಒಂದೇ ಕರಾರು: ಮೂರು ತಿಂಗಳು ಕೊನೆಯ ಮನೆಯಲ್ಲಿ ಗೆರೆ ಇರಬೇಕು, ಆಮೇಲೆ ಮೊತ್ತವನ್ನು ತಾನೇ ಕೂಡಿಸಿ ನೋಡಬೇಕು. ಹುಡುಗನು ಬುದ್ಧಿವಂತ. ಎರಡನೆಯ ವಾರವೇ ಒಂದು ದಿನ ಅವನ ಮೂರು ಕುದುರೆಗಳು ಗೆದ್ದವು. ಕಟ್ಟದೆ ಹೋದೆನಲ್ಲಾ ಎಂದು ಆ ರಾತ್ರಿ ಊಟವನ್ನು ಸರಿಯಾಗಿ ಮಾಡಲಿಲ್ಲ. ನಾನು ಸುಮ್ಮನಿದ್ದೆ, ನನ್ನ ಎದೆ ಮಾತ್ರ ಸುಮ್ಮನಿರಲಿಲ್ಲ.

ಮೂರು ತಿಂಗಳು ಮುಗಿದ ದಿನ ಅವನು ಕೋಣೆಯ ಕದವನ್ನು ಮುಂದೆ ಮಾಡಿಕೊಂಡು ಬಹಳ ಹೊತ್ತು ಲೆಕ್ಕ ಮಾಡಿದನು. ಮೊತ್ತ ಎಷ್ಟೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮರುವಾರ ಅವನಿಲ್ಲದಾಗ ವಹಿಯನ್ನು ತೆರೆದು ನೋಡಿದೆ. ಅದು ತಪ್ಪೆಂದು ಬಲ್ಲೆ. ಹೊಸ ಯಾದಿಯನ್ನು ತುಂಬಿದ್ದನು, ಅಭಿಪ್ರಾಯವನ್ನೂ ಬರೆದಿದ್ದನು. ಕೊನೆಯ ಮನೆಯಲ್ಲಿ ಗೆರೆಯೇ ಇತ್ತು. ನಾಳೆಯೂ ಇರುವದೆಂದು ನಾನು ಪಣ ಕಟ್ಟಲಾರೆ, ಇವತ್ತು ಇದೆ.

ಗೃಹಸ್ಥರಾದ ವಾಚಕರಲ್ಲಿ ನನ್ನದೊಂದೇ ಬಿನ್ನಹ. ನಿಮ್ಮ ಮನೆಯ ಹಿರಿಯರು ಏನನ್ನಾದರೂ ಬರೆದಿಡುವವರಾಗಿದ್ದರೆ, ಅವರು ಪಡಸಾಲೆಯಲ್ಲಿ ಕುಳಿತಿರುವಾಗಲೇ ಆ ವಹಿಯನ್ನು ಒಮ್ಮೆ ಕೇಳಿ ತೆಗೆದುಕೊಂಡು, ಕೊನೆಯ ಮನೆಯ ವರೆಗೆ ಓದಿರಿ.